‘ರಿಲ್ಯಾಕ್ಸಿಂಗ್’ ಆಟಕ್ಕೆ ‘ನಿರಾಳ’ ಸಲ್ಲುತ್ತದೆಯೇ?

‘ಡೇವ್ ದ ಡೈವರ್’ ಎಂಬ ವಿಡಿಯೊ ಗೇಮ್ ಕುರಿತು ಪರಿಚಯ ಲೇಖನ ಬರೆಯುತ್ತಿದ್ದೇನೆ. ದಕ್ಷಿಣ ಕೊರಿಯಾದ ಮಿಂಟ್‌ರಾಕೆಟ್ ತಂಡದ್ದು, 2023ರ ಜೂನ್‌ನಲ್ಲಿ ಪೂರ್ಣರೂಪದಲ್ಲಿ ಬಂತು. ಹಗಲು ಕಡಲಿಗೆ ಧುಮುಕಿ ಮೀನು ಹಿಡಿಯಬೇಕು, ರಾತ್ರಿ ಸುಶಿ (ಅನ್ನ-ಮೀನಿನ ಜಪಾನಿ ತಿನಿಸು) ಹೋಟೆಲ್ ನಡೆಸಬೇಕು. ಆಡಿದವರು ಇದನ್ನು ‘ರಿಲ್ಯಾಕ್ಸಿಂಗ್’ ಅನ್ನುತ್ತಾರೆ. ಆ ಒಂದು ಪದದ ಹತ್ತಿರ ನನ್ನ ಬರಹ ನಿಂತುಬಿಟ್ಟಿದೆ.

‘ವಿಶ್ರಾಂತಿದಾಯಕ’ ಎಂದು ಬರೆದು ಹೊಡೆದುಹಾಕಿದೆ. ವಿಶ್ರಾಂತಿ ಅಂದರೆ ಕೆಲಸ ನಿಲ್ಲಿಸಿ ದಣಿವಾರಿಸಿಕೊಳ್ಳುವುದು. ಇಲ್ಲಿ ಕೈಗೆ ಬಿಡುವೇ ಇಲ್ಲ.

ಈಗ ಮನಸ್ಸು ‘ನಿರಾಳ’ದ ಕಡೆ ವಾಲಿದೆ. ವಚನಗಳಲ್ಲಿ ನಿರಾಳ ಎಂದರೆ ಬಯಲು, ಶೂನ್ಯ. ಇಂದಿನ ಮಾತಿನಲ್ಲಿ ಅದು ಆತಂಕ ಕಳೆದ ಮೇಲಿನ ಸ್ಥಿತಿ. ಪರೀಕ್ಷೆ ಮುಗಿದಾಗ, ಕಳೆದುಹೋದ ಕಾಗದ ಸಿಕ್ಕಾಗ ‘ನಿರಾಳವಾಯಿತು’ ಅನ್ನುತ್ತೇವೆ. ಮೊದಲಿಂದಲೂ ಚಿಂತೆಯೇ ಇಲ್ಲದವರು ಹಾಗೆ ಅನ್ನುವುದಿಲ್ಲ. ಆಟದಲ್ಲಿ ನೀರಿನಡಿ ಆಮ್ಲಜನಕವೇ ಜೀವ. ಶಾರ್ಕ್ ಕಚ್ಚಿದರೆ ಇಳಿಯುವುದೂ ಅದೇ. ಪೂರ್ತಿ ಮುಗಿದರೆ ಹಿಡಿದದ್ದರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು. ಚೀಲ ತುಂಬಿ, ಉಸಿರು ತೀರುತ್ತಿರುವಾಗ ಹೇಗೋ ದೋಣಿ ಸೇರಿದರೆ ಆಗುತ್ತದಲ್ಲ, ಅದು ನಿರಾಳವೇ, ಬೇರೆ ಪದ ಬೇಡ.

ಆದರೆ ಗಿರಾಕಿಯ ಲೋಟಕ್ಕೆ ಹಸಿರು ಚಹಾ ಸುರಿಯುವಾಗ? ಗುಂಡಿ ಒತ್ತಿ ಹಿಡಿದು, ಚಹಾ ಸರಿಯಾದ ಮಟ್ಟಕ್ಕೆ ಬಂದ ಕ್ಷಣ ಬಿಡಬೇಕು. ಕಣ್ಣೆಲ್ಲ ಲೋಟದ ಮೇಲೆ, ಇನ್ನೊಂದು ಯೋಚನೆ ತಲೆಗೆ ಬರುವುದಿಲ್ಲ. ಈ ಸುಖ ಮೈಮರೆವಿನದು. ‘ನಿರಾಳ’ಕ್ಕೆ ಇದು ದಕ್ಕುವುದಿಲ್ಲ, ‘ಹಾಯಾಗಿ’ ಹತ್ತಿರ ಬರುತ್ತದೆ. ಹಾಯಿ ಎಂದರೆ ನೆಮ್ಮದಿಯೂ ಹೌದು, ದೋಣಿಯ ಪಟವೂ ಹೌದು ಎನ್ನುವುದು ಈ ಆಟಕ್ಕೆ ಒದಗಿಬಂದ ಭಾಗ್ಯ.

‘ಫಿಶಿಂಗ್’ ಕೂಡ ಸ್ವಲ್ಪ ತೊಡಕಿನದೇ. ‘ಮೀನುಗಾರಿಕೆ’ ಕಸುಬಿನ, ಉದ್ಯಮದ ಮಾತು. ‘ಗಾಳ ಹಾಕುವುದು’ ಎಂದರೆ ಸುಳ್ಳಾಗುತ್ತದೆ, ಡೇವ್ ಮೀನಿನ ಬಳಿಗೇ ಈಜಿ ಹೋಗುತ್ತಾನೆ. ‘ಮೀನುಬೇಟೆ’ ಇಷ್ಟವಾಗಿತ್ತು; ಆದರೆ ಬಲೆ ಬೀಸಿ ಜೀವಂತ ಹಿಡಿದರೆ ಒಳ್ಳೆಯ ದರ್ಜೆಯ ಮಾಂಸ ಸಿಗುತ್ತದೆ, ಅದಕ್ಕೆ ಬೇಟೆ ಒಪ್ಪುವುದಿಲ್ಲ. ಸರಳವಾಗಿ ‘ಮೀನು ಹಿಡಿಯುವುದು’ ಎಂದೇ ಉಳಿಸಿಕೊಂಡೆ. ಡೇವ್ ಮೀನಿಗೆ ಗುರಿಯಿಡುವ ಆಯುಧವಾದ ಹಾರ್ಪೂನ್‌ಗೆ ‘ಈಟಿ’ ಸಾಲದು: ಎಸೆದ ಈಟಿ ಹೋದಲ್ಲೇ ಉಳಿಯುತ್ತದೆ, ಇದು ಹಗ್ಗದ ಸಮೇತ ಹೋಗಿ ಮೀನನ್ನು ಎಳೆದು ತರುತ್ತದೆ. ಬಳಕೆಯಲ್ಲಿರುವ ಪದ ಗೊತ್ತಿದ್ದವರು ದಯವಿಟ್ಟು ತಿಳಿಸಿ. ರೆಸ್ಟೋರೆಂಟ್‌ಗೆ ‘ಹೋಟೆಲ್’ ಎಂದೇ ಬರೆದಿದ್ದೇನೆ, ಕನ್ನಡದಲ್ಲಿ ಅದು ಊಟದ ಜಾಗವೇ.

ಉಳಿದಿರುವುದು ಶೀರ್ಷಿಕೆ. ವಾಕ್ಯದೊಳಗೆ ‘ಹಾಯಾಗಿ ಆಡುವ ಆಟ’ ಸರಿಹೋಗುತ್ತದೆ, ಶೀರ್ಷಿಕೆಗೆ ಒಂದೇ ಪದ ಬೇಕು. ‘ಹಾಯಾಟ’ ಎಂದು ಕೂಡಿಸಬಹುದೇ? ಅಥವಾ ಓದುವವರಿಗೆ ಗೂಳಿ ಹಾಯುವುದೇ ಮೊದಲು ನೆನಪಾಗುತ್ತದೆಯೇ?