ಏರ್ ರೈಫಲ್ ಸ್ಕೋಪ್ ಗುರಿಗೆ ನಿಲ್ಲುತ್ತಿಲ್ಲ, ದಯವಿಟ್ಟು ಹೇಳಿ

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು. ನನ್ನದು 0.177 ಇಂಚು ನಳಿಗೆಯ ಏರ್ ರೈಫಲ್, ನಳಿಗೆ ಮಡಚಿ ಸ್ಪ್ರಿಂಗ್ ಏರಿಸುವಂಥದ್ದು. ಹೋದ ತಿಂಗಳು ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಸಿದೆ. ಕಾಫಿ ಕಣದಲ್ಲಿ 20 ಮೀಟರ್‌ಗೆ ಹೊಡೆಯುತ್ತೇನೆ. ಬೆಳಿಗ್ಗೆ ಸ್ಕೋಪಿನ ನಾಬ್ ತಿರುಗಿಸಿ ಗುರಿ ಸರಿ ಮಾಡಿದರೆ 20-30 ಪೆಲೆಟ್ ಆಗುವಷ್ಟರಲ್ಲಿ ಮತ್ತೆ ಎಲ್ಲೆಲ್ಲೋ ಬೀಳುತ್ತದೆ. ಸ್ಕೋಪೇ ಹಾಳಾಗಿದೆಯಾ? ಬೇರೆ ತಗೊಳ್ಳಲಾ?

ಉತ್ತರ: ದುಡ್ಡು ಹಾಕಬೇಡಿ ತಮ್ಮಾ, ನಾಬ್‌ಗೂ ಸದ್ಯಕ್ಕೆ ಕೈ ಹಾಕಬೇಡಿ. ನನ್ನ ಹತ್ತಿರ ರಿಪೇರಿಗೆ ಬರುವವರಲ್ಲಿ ಜಾಸ್ತಿ ಜನರದ್ದು ಇದೇ ದೂರು, ಸ್ಕೋಪ್ ಬಿಚ್ಚಿ ನೋಡಿದರೆ ತಪ್ಪು ಇರುವುದು ಮೌಂಟ್‌ನಲ್ಲಿ, ಅಂದರೆ ಸ್ಕೋಪನ್ನು ರಿಂಗ್‌ಗಳಲ್ಲಿ ಹಿಡಿದು ಗನ್ನಿಗೆ ಕೂರಿಸುವ ಕ್ಲಾಂಪಿನಲ್ಲಿ. ಸ್ಪ್ರಿಂಗ್ ಗನ್ನಿನ ಒದೆತ ಒಂದೇ ಕಡೆಗಲ್ಲ. ಪಿಸ್ಟನ್ ಮುಂದೆ ಓಡುವಾಗ ಗನ್ ಹಿಂದಕ್ಕೆ ತಳ್ಳುತ್ತದೆ, ಅದು ತುದಿಗೆ ಬಡಿದಾಗ ಗನ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಜಗ್ಗಾಟದಲ್ಲಿ ಮೌಂಟ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಜಾರುತ್ತದೆ. ಬರೀ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಹೀಗೆ ಮಾಡಿ. ಮೊದಲು ಗನ್ ಖಾಲಿ ಇದೆಯಾ ನೋಡಿಕೊಳ್ಳಿ. ಮೌಂಟ್ ಹಿಂಬದಿಗೆ ತಾಗಿಕೊಂಡು ರೈಲಿನ (ಗನ್ನಿನ ಮೇಲ್ಭಾಗದಲ್ಲಿ ಮೌಂಟ್ ಕಚ್ಚಿಕೊಳ್ಳುವ ಉದ್ದ ಅಂಚು) ಮೇಲೆ ಬಿಳಿ ನೇಲ್ ಪಾಲಿಶ್‌ನಲ್ಲಿ ಒಂದು ತೆಳು ಗೆರೆ ಎಳೆಯಿರಿ, ಒಣಗಲಿ. ರಿಂಗ್‌ನ ಹಿಂದಿನ ಅಂಚಿನಲ್ಲಿ ಸ್ಕೋಪ್ ಕೊಳವೆ ಮೇಲೂ ಒಂದು ಎಳೆಯಿರಿ. 20 ಪೆಲೆಟ್ ಹೊಡೆದು ನೋಡಿ. ರೈಲಿನ ಗೆರೆ ಮೌಂಟ್ ಕೆಳಗೆ ಮುಚ್ಚಿ ಹೋದರೆ ಮೌಂಟ್ ಜಾರಿದೆ. ಕೊಳವೆಯ ಗೆರೆ ರಿಂಗ್‌ನಿಂದ ದೂರ ಸರಿದಿದ್ದರೆ ಕೊಳವೆ ಜಾರಿದೆ.

ಪ್ರಶ್ನೆ: ಅಣ್ಣಾ, ಗೆರೆ ಪೂರ್ತಿ ಮುಚ್ಚಿ ಹೋಗಿದೆ! ಒಂದು ಎರಡು ಮಿಲಿಮೀಟರ್ ಹಿಂದೆ ಬಂದಿರಬಹುದು. ಸ್ಕ್ರೂ ಇನ್ನೂ ಗಟ್ಟಿ ಮಾಡಲಾ?

ಉತ್ತರ: ಸುಮ್ನೆ ಗಟ್ಟಿ ಮಾಡುತ್ತಾ ಹೋದರೆ ಕೊಳವೆ ನಜ್ಜಾಗುತ್ತದೆ. ಮೌಂಟ್ ಬಿಚ್ಚಿ. ರೈಲು, ಮೌಂಟ್ ಎರಡರ ಎಣ್ಣೆ ಜಿಡ್ಡನ್ನೂ ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ನಿಮ್ಮ ಗನ್ನಿನ ರೈಲಿನ ಹಿಂಭಾಗದಲ್ಲಿ ಒಂದು ಚಿಕ್ಕ ತೂತು ಇದೆಯಾ ನೋಡಿ. ಇದ್ದರೆ ಅದರೊಳಗೆ ಇಳಿಯುವ ಪಿನ್ ಇರುವ ಮೌಂಟ್ ಹಾಕಿ, ಆಮೇಲೆ ಅದು ಜಾರಲು ಜಾಗವೇ ಇರುವುದಿಲ್ಲ. ರಿಂಗ್ ಸ್ಕ್ರೂಗಳನ್ನು ಒಂದೊಂದೇ ಪೂರ್ತಿ ಬಿಗಿಯಬೇಡಿ, ಎದುರುಬದುರು ಕಾಲು ಕಾಲು ಸುತ್ತು ತಿರುಗಿಸುತ್ತಾ ಬನ್ನಿ. ಅಲೆನ್ ಕೀಯ ಗಿಡ್ಡ ಕಡೆ ಹಿಡಿದು ಎರಡು ಬೆರಳಿನ ಬಲ ಸಾಕು. ಎರಡೂ ಪಕ್ಕದ ಸಂದು ಒಂದೇ ಸಮ ಇರಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ನನ್ನದು ಜಾರುತ್ತಿಲ್ಲ. ಆದರೆ 20 ಮೀಟರ್‌ಗೆ 6 ಸೆಂ.ಮೀ. ಕೆಳಗೆ ಬೀಳುತ್ತದೆ, ಮೇಲಿನ ನಾಬ್ ಕೊನೆಗೆ ಬಂದು ನಿಂತಿದೆ.

ಉತ್ತರ: ನಿಮ್ಮದೂ ಮಡಚುವ ಗನ್ ಅಲ್ವಾ? ಅಂಥವುಗಳಲ್ಲಿ ನಳಿಗೆಯ ಬಾಯಿ ಸ್ವಲ್ಪ ಕೆಳಕ್ಕೆ ಬಾಗಿರುವುದು ಸಾಮಾನ್ಯ. ನಾಬ್ ಕೊನೆಯವರೆಗೆ ತಿರುಗಿಸಿಟ್ಟರೆ ಸ್ಕೋಪಿನ ಒಳಗಿನ ಸ್ಪ್ರಿಂಗ್ ಸಡಿಲವಾಗಿ ಗುರಿ ಅಲೆದಾಡುತ್ತದೆ, ಅದಕ್ಕೆ ನಾಬ್ ಮಧ್ಯಕ್ಕೆ ತನ್ನಿ. 20 ಮೀಟರ್‌ಗೆ 6 ಸೆಂ.ಮೀ. ಅಂದರೆ, ಎರಡು ರಿಂಗ್ ನಡುವೆ 10 ಸೆಂ.ಮೀ. ಇದ್ದರೆ ಹಿಂದಿನ ರಿಂಗ್ 0.3 ಮಿ.ಮೀ. ಎತ್ತಿದರೆ ಸಾಕು. ಇದು ನಾಬ್ ಈಗ ಕೊಡುತ್ತಿರುವುದರ ಮೇಲೆ ಬೇಕಾದ ಎತ್ತರ, ನಾಬ್ ಮಧ್ಯಕ್ಕೆ ತಂದ ಮೇಲೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಹಿಂದಿನ ರಿಂಗ್ ಎತ್ತಲು ಅಷ್ಟೊಂದು ತೆಳು ಪಟ್ಟಿ ತುರುಕಿದರೆ ಕೊಳವೆ ಬಾಗುತ್ತದೆ. ನಿಮಗೆ ಹಿಂದೆ ಎತ್ತರ ಇರುವ ಮೌಂಟೇ ಬೇಕು. ಸ್ವಲ್ಪವೇ ವ್ಯತ್ಯಾಸ ಇರುವವರು ಹಳೆ ಕ್ಯಾಮೆರಾ ರೀಲಿನ ಒಂದೆರಡು ತುಂಡು ಹಿಂದಿನ ರಿಂಗ್ ತಳಕ್ಕೆ ಇಟ್ಟುಕೊಳ್ಳಬಹುದು.

ಪ್ರಶ್ನೆ: ಅಣ್ಣಾ, ಪಿನ್ ಇರುವ ಮೌಂಟ್ ಹಾಕಿದೆ, ಗೆರೆ ಕದಲಿಲ್ಲ. ಈಗ 10 ಮೀಟರ್‌ಗೆ ಸರಿ ಮಾಡಿದರೆ 25ಕ್ಕೆ ಬಲಕ್ಕೆ ಹೋಗುತ್ತದೆ. ಗಾಳಿಯೂ ಇಲ್ಲ.

ಉತ್ತರ: ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಅಡ್ಡ-ಉದ್ದ ಗೆರೆ) ವಾಲಿದೆ ಅನ್ನಿಸುತ್ತದೆ. ಮೇಲಿನ ಅರ್ಧ ರಿಂಗ್ ಬಿಚ್ಚಿ ಸ್ಕೋಪ್ ತೆಗೆದಿಡಿ, ಕೆಳಗಿನ ಅರ್ಧದ ಮೇಲೆ ಚಿಕ್ಕ ರಸಮಟ್ಟವನ್ನು ಅಡ್ಡ ಇಟ್ಟು ಗನ್ ಸಮ ಮಾಡಿ ಮರಳು ಚೀಲದಲ್ಲಿ ಕೂರಿಸಿ. ಎದುರಿಗೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ಅಲುಗಾಟ ನಿಲ್ಲಲಿ. ಸ್ಕೋಪ್ ಮತ್ತೆ ಕೂರಿಸಿ, ತಿರುಗಿಸಿ ನಿಂತ ಗೆರೆಯನ್ನು ಆ ದಾರಕ್ಕೆ ಸೇರಿಸಿ, ಆಮೇಲೆ ರಿಂಗ್ ಬಿಗಿಯಿರಿ. ಬಿಗಿಯುವಾಗ ಸ್ಕೋಪ್ ಸ್ವಲ್ಪ ತಿರುಗುತ್ತದೆ, ನಡುನಡುವೆ ಕಣ್ಣಿಟ್ಟು ನೋಡಿ.

ಇಷ್ಟೆಲ್ಲ ಆದ ಮೇಲೆ ನಾಬ್ ಮುಟ್ಟಿ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು ಕೋನ) ಸ್ಕೋಪ್ ಆದರೆ 20 ಮೀಟರ್‌ಗೆ ಒಂದು ಕ್ಲಿಕ್ ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. 3 ಸೆಂ.ಮೀ. ಸರಿಸಲು 20 ಕ್ಲಿಕ್ ಬೇಕು. ಒಂದೇ ಪೆಲೆಟ್ ನೋಡಿ ತಿರುಗಿಸಬೇಡಿ, ಐದು ಹೊಡೆದು ನಡುಮಧ್ಯ ನೋಡಿ. ಗನ್ನನ್ನು ಬಿಗಿಯಾಗಿ ಹಿಡಿಯದೆ ಅಂಗೈ ಮೇಲೆ ಹಗುರವಾಗಿ ಕೂರಿಸಿಕೊಳ್ಳಿ. ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲೇಬೇಕು, ಕಣದಲ್ಲಿ ಜನ ಓಡಾಡುವ ಹೊತ್ತಿನಲ್ಲಿ ಬೇಡವೇ ಬೇಡ.

ಪ್ರಶ್ನೆ: ಆಯ್ತು ಅಣ್ಣಾ. ಭಾನುವಾರ ಮಾಡಿ ಕಾಗದದ ಫೋಟೋ ಹಾಕುತ್ತೇನೆ.