ಎಯುಆರ್ ಫಾಂಟ್ ಪ್ಯಾಕೇಜು: ಚೆಕ್‌ಸಮ್ ತಾಳೆ ಬರುವುದಿಲ್ಲ, ಸ್ಕಿಪ್ ಮಾಡಬಹುದಾ?

ಬದಿಯಡ್ಕ ಡಿಟಿಪಿ:
ಅಂಗಡಿಯ ಆರ್ಚ್ ಲಿನಕ್ಸ್ ಕಂಪ್ಯೂಟರಿಗೆ ಎಯುಆರ್‌ನಿಂದ (ಬಳಕೆದಾರರೇ ಪ್ಯಾಕೇಜು ಇಡುವ ಆರ್ಚ್‌ನ ಜಾಗ) ಒಂದು ಕನ್ನಡ ಫಾಂಟ್ ಪ್ಯಾಕೇಜು ಹಾಕಬೇಕು. ಬ್ರಹ್ಮಕಲಶೋತ್ಸವದ ಆಮಂತ್ರಣ, ಕನ್ನಡ, ಮಲಯಾಳ ಎರಡರಲ್ಲೂ ಆಗಬೇಕು. ಮೇಕ್‌ಪಿಕೆಜಿ (ಪ್ಯಾಕೇಜು ಕಟ್ಟುವ ಕಮಾಂಡ್) ಕೊಟ್ಟರೆ ಜಿಪ್ ಇಳಿಯುತ್ತದೆ, ಆಮೇಲೆ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ನೋಡುವ ಮೊತ್ತ) ತಾಳೆ ನೋಡುವಾಗ ಅದರ ಎದುರು 'ಫೇಲ್ಡ್' ಅಂತ ಬಂದು ನಿಲ್ಲುತ್ತದೆ. ಪ್ಯಾಕೇಜಿನ ಕಮೆಂಟಿನಲ್ಲಿ ಒಬ್ಬರು 'ಸ್ಕಿಪ್‌ಇಂಟೆಗ್ ಹಾಕಿ' (ತಾಳೆ ನೋಡುವುದನ್ನೇ ಬಿಡುವ ಆಯ್ಕೆ) ಅಂದಿದ್ದಾರೆ. ಇನ್ನೊಬ್ಬರು ಒಂದು ಸ್ಕ್ರಿಪ್ಟಿನ ಲಿಂಕ್ ಕೊಟ್ಟು ಕರ್ಲ್‌ನಿಂದ ನೇರ ಬ್ಯಾಶ್‌ಗೆ ಬಿಡಿ, ಅಂದರೆ ಇಳಿಸಿದ ಕೂಡಲೇ ಓಡಿಸಿ ಅಂತಾರೆ. ಪ್ಯಾಕೇಜು ನೋಡಿಕೊಳ್ಳುವ ಮೈಂಟೇನರ್ ಸುದ್ದಿ ಇಲ್ಲ. ಎಂತ ಮಾಡುದು?

ಕುಂಬಳೆಯವ:
ಎರಡೂ ಬೇಡ ಮಾರಾಯ್ರೆ. ಇಳಿದದ್ದು ಎಂತ ಅಂತ ಮೊದಲು ನೋಡಿ. ಪಿಕೆಜಿಬಿಲ್ಡ್ (ಪ್ಯಾಕೇಜು ಕಟ್ಟುವ ಸೂಚನೆಯ ಫೈಲ್) ಇರುವ ಫೋಲ್ಡರಿನಲ್ಲೇ ಜಿಪ್ ಉಂಟು, 'ಫೈಲ್' ಕಮಾಂಡಿಗೆ ಅದರ ಹೆಸರು ಕೊಡಿ. ಎಚ್‌ಟಿಎಂಎಲ್ ಅಂತ ಬಂದರೆ ಹಳೆ ಲಿಂಕ್ ಸತ್ತಿದೆ, ಸರ್ವರ್ ಫಾಂಟಿನ ಬದಲು ವೆಬ್ ಪುಟ ಕೊಟ್ಟಿದೆ.

ಜಿಪ್ಪೇ ಆಗಿದ್ದರೆ ಅಳಿಸಿ ಇನ್ನೊಮ್ಮೆ ಇಳಿಸಿ. ಫಾಂಟುಗಳ ಲಿಂಕಿನಲ್ಲಿ ಎಷ್ಟೋ ಸಲ ಆವೃತ್ತಿ ಸಂಖ್ಯೆಯೇ ಇರುವುದಿಲ್ಲ. ಹಿಂದೆ ಇಳಿಸಿದ ಅದೇ ಹೆಸರಿನ ಫೈಲ್ ಅಲ್ಲಿದ್ದರೆ ಮೇಕ್‌ಪಿಕೆಜಿ ಹೊಸತನ್ನು ತರುವುದೇ ಇಲ್ಲ, ಇದ್ದದ್ದನ್ನೇ ತಾಳೆ ನೋಡುತ್ತದೆ.

ಆದರೂ ಫೇಲ್ ಆದರೆ, ಹೆಚ್ಚಾಗಿ ಫಾಂಟ್ ಮಾಡಿದವರು ಅದೇ ಲಿಂಕಿನಲ್ಲಿ ಹೊಸ ಆವೃತ್ತಿ ಇಟ್ಟಿದ್ದಾರೆ ಅಂತ ಲೆಕ್ಕ. ಜಿಪ್ ಬಿಡಿಸಿ ಫಾಂಟಿನ ಮೇಲೆ 'ಎಫ್‌ಸಿ-ಸ್ಕ್ಯಾನ್' ಓಡಿಸಿ, ಫಾಂಟ್‌ವರ್ಷನ್ ಸಾಲು ನೋಡಿ. 65536 ಅಂದರೆ 1.0, 131072 ಅಂದರೆ 2.0. ಅದು ಪಿಕೆಜಿಬಿಲ್ಡ್‌ನಲ್ಲಿರುವ ಪಿಕೆಜಿವರ್‌ಗಿಂತ (ಆವೃತ್ತಿ ಸಂಖ್ಯೆ) ಹೆಚ್ಚಿದ್ದರೆ ಪಿಕೆಜಿವರ್ ಸಾಲು ತಿದ್ದಿ, ಪಿಕೆಜಿರೆಲ್ (ಆ ಆವೃತ್ತಿಯನ್ನು ಎಷ್ಟನೇ ಸಲ ಕಟ್ಟಿದ್ದು) 1 ಮಾಡಿ, ಅಪ್‌ಡಿಪಿಕೆಜಿಸಮ್ಸ್ ಕೊಡಿ (ಪ್ಯಾಕ್‌ಮ್ಯಾನ್-ಕಂಟ್ರಿಬ್ ಪ್ಯಾಕೇಜಿನಲ್ಲಿ ಉಂಟು). ಗಿಟ್ ಡಿಫ್ ಕೊಟ್ಟು ಬದಲಾವಣೆ ನೋಡಿ, ನೀವು ಮುಟ್ಟಿದ ಸಾಲುಗಳು ಮತ್ತು ಮೊತ್ತದ ಸಾಲು ಅಷ್ಟೇ ಬದಲಾಗಿರಬೇಕು. ಆಮೇಲೆ ಕಟ್ಟಿ ಹಾಕಿಕೊಳ್ಳಲು ಮೇಕ್‌ಪಿಕೆಜಿ ಮೈನಸ್ ಎಸ್‌ಐ.

ಅಪ್‌ಡಿಪಿಕೆಜಿಸಮ್ಸ್ ಪರೀಕ್ಷೆ ಏನೂ ಮಾಡುವುದಿಲ್ಲ, ಇಳಿದ ಫೈಲಿನ ಮೊತ್ತ ಬರೆದುಕೊಳ್ಳುತ್ತದೆ ಅಷ್ಟೆ. ಹಾಗಾಗಿ ಫಾಂಟಿನವರ ಪುಟದಲ್ಲಿ ಶಾ256 (ಒಂದು ಬಗೆಯ ಚೆಕ್‌ಸಮ್) ಕೊಟ್ಟಿದ್ದರೆ ಅಪ್‌ಡಿಪಿಕೆಜಿಸಮ್ಸ್ ಕೊಡುವ ಮೊದಲೇ ಇಳಿದ ಜಿಪ್ಪಿನ ಮೊತ್ತವನ್ನು ಅದರ ಜತೆ ಹೋಲಿಸಿ ನೋಡಿ.

ಪೆರ್ಲ:
ಆ ಕರ್ಲ್ ಸಾಲಿನ ಹತ್ತಿರವೂ ಹೋಗಬೇಡಿ. 2018ರಲ್ಲಿ ಎಯುಆರ್‌ನ ಆಕ್ರೊರೀಡ್ (ಪಿಡಿಎಫ್ ಓದುವ ಪ್ರೋಗ್ರಾಂ) ಪ್ಯಾಕೇಜು ವಾರಸುದಾರರಿಲ್ಲದೆ ಬಿದ್ದಿತ್ತು. ಯಾರೋ ದತ್ತು ತೆಗೆದುಕೊಂಡು ಅದರೊಳಗೆ ಇಂಥದ್ದೇ ಕರ್ಲ್ ಸಾಲು ತುರುಕಿದ್ದರು. ಫಾಂಟ್ ಪ್ಯಾಕೇಜಿಗೆ ಬೇಕಾದದ್ದು ಯುಎಸ್‌ಆರ್ ಶೇರ್ ಫಾಂಟ್ಸ್‌ಗೆ 644 ಅನುಮತಿಯಲ್ಲಿ ಫೈಲ್ ಹಾಕುವ ಇನ್‌ಸ್ಟಾಲ್ ಸಾಲು, ಜತೆಗೆ ಲೈಸೆನ್ಸ್. ಫಾಂಟ್ ಕ್ಯಾಶ್ (ಫಾಂಟುಗಳ ಪಟ್ಟಿ) ಹೊಸತು ಮಾಡುವ ಕೆಲಸ ಆರ್ಚ್‌ನ ಪ್ಯಾಕೇಜು ಹಾಕುವ ಪ್ರೋಗ್ರಾಂ ಪ್ಯಾಕ್‌ಮ್ಯಾನ್‌ನ ಹುಕ್ ತಾನೇ ಮಾಡುತ್ತದೆ. ಹೀಗಿರುವಾಗ ಪಿಕೆಜಿಬಿಲ್ಡ್‌ನಲ್ಲಿ ಸಿಸ್ಟಮ್‌ಸಿಟಿಎಲ್ (ಹಿನ್ನೆಲೆ ಸೇವೆ ಓಡಿಸುವ ಕಮಾಂಡ್) ಕಂಡರೆ ಮುಚ್ಚಿಬಿಡಿ.

ಸ್ಕಿಪ್‌ಇಂಟೆಗ್ ಚೆಕ್‌ಸಮ್ ಜತೆ ಪಿಜಿಪಿ ಸಹಿಯ (ಫೈಲ್ ಮಾಡಿದವರ ಡಿಜಿಟಲ್ ಸಹಿ) ಪರೀಕ್ಷೆಯನ್ನೂ ಬಿಡುತ್ತದೆ. ಹೆಸರಿನ ಕೊನೆಗೆ 'ಗಿಟ್' ಇರುವ ಪ್ಯಾಕೇಜಿನಲ್ಲಿ ಮಾತ್ರ ಮೊತ್ತದ ಜಾಗದಲ್ಲಿ 'ಸ್ಕಿಪ್' ಇದ್ದರೆ ಗಾಬರಿ ಬೇಡ, ಅಲ್ಲಿ ಫೈಲ್ ದಿನಾ ಬದಲಾಗುವಂಥದ್ದು.

ಹೊಸ ಆವೃತ್ತಿ ನಿಜವಾಗಿ ಬಂದಿದ್ದರೆ 'ಔಟ್ ಆಫ್ ಡೇಟ್' ಗುರುತು ಹಾಕಿ. ಬಿಲ್ಡ್ ಆಗಲಿಲ್ಲ ಅಂತ ಹಾಕುವುದಲ್ಲ, ಅದಕ್ಕೆ ಲಾಗ್ ಸಮೇತ ಕಮೆಂಟ್ ಬರೆಯಿರಿ. ಎರಡು ವಾರವಾದರೂ ಮೈಂಟೇನರ್ ಮಾತಾಡದಿದ್ದರೆ ಆರ್ಫನ್ ಕೋರಿಕೆ (ಪ್ಯಾಕೇಜನ್ನು ಅವರ ಕೈಯಿಂದ ಬಿಡಿಸಿ ಅಂತ) ಕೊಡಬಹುದು.

ಉಪ್ಪಳ ಪ್ರೆಸ್:
ಹಿಂದಿನ ಆವೃತ್ತಿ ಹಾಕಿದ್ದರೆ ಅದರ ಕಟ್ಟಿದ ಪ್ಯಾಕೇಜ್ ಫೈಲ್ ಎತ್ತಿಡಿ. ಹೊಸ ಫಾಂಟಿನಲ್ಲಿ ಅಕ್ಷರದ ಅಗಲ ಕೂದಲೆಳೆಯಷ್ಟು ಬದಲಾದರೂ ಪುಟ ಜೋಡಿಸುವ ಸ್ಕ್ರೈಬಸ್‌ನ ಹಳೆ ಫೈಲಿನಲ್ಲಿ ಸಾಲು ಮುರಿಯುವ ಜಾಗ ಜಾರಿ ಕೊನೆಯ ಹೆಸರು ಚೌಕಟ್ಟಿನಿಂದ ಹೊರಗೆ ಹೋಗಬಹುದು. 'ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಅರ್ಘ್ಯ' ಟೈಪ್ ಮಾಡಿ ಒಂದು ಪ್ರಿಂಟ್ ತೆಗೆಯಿರಿ. ಒತ್ತು ಸರಿ ಕೂರದಿದ್ದರೆ ಪ್ಯಾಕ್‌ಮ್ಯಾನ್ ಮೈನಸ್ ದೊಡ್ಡ ಯು ಕೊಟ್ಟು ಎತ್ತಿಟ್ಟದ್ದನ್ನೇ ವಾಪಸ್ ಹಾಕಿಕೊಳ್ಳಿ.