ಬೊಲೊನ್ಯಾದಲ್ಲಿ ಎರಡು ದಿನ: ನಡೆದೇ ನೋಡುವುದಾದರೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕುವೆಂಪುನಗರ, ಮೈಸೂರು

ನಮಸ್ಕಾರ. ಮಗಳು ಮಿಲಾನ್‌ನಲ್ಲಿ ಓದುತ್ತಿದ್ದಾಳೆ. ಅಕ್ಟೋಬರ್ ನಡುವಿನಲ್ಲಿ ನಾನೂ ನನ್ನ ಪತ್ನಿಯೂ ಅವಳಲ್ಲಿಗೆ ಹೋಗುವವರಿದ್ದು, ಒಂದು ಶನಿವಾರ ಮತ್ತು ಭಾನುವಾರವನ್ನು ಬೊಲೊನ್ಯಾ ನಗರಕ್ಕೆಂದೇ ತೆಗೆದಿರಿಸಿದ್ದೇವೆ. ರೋಮ್, ವೆನಿಸ್ ಬಿಟ್ಟು ಅಲ್ಲಿಗೇಕೆ ಎಂದು ಬಂಧುಗಳು ಕೇಳುತ್ತಿದ್ದಾರೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದ ನನಗೆ, ಗ್ಯಾಲ್ವನಿ ಕಪ್ಪೆಯ ಕಾಲುಗಳ ಮೇಲೆ ಪ್ರಯೋಗ ನಡೆಸಿದ ಊರನ್ನು, 1732ರಷ್ಟು ಹಿಂದೆಯೇ ಲಾರಾ ಬಸ್ಸಿ ಎಂಬ ಮಹಿಳೆ ಬೋಧಕಿಯಾದ ವಿಶ್ವವಿದ್ಯಾನಿಲಯವನ್ನು ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ಹಳೆಯದು. ಪತ್ನಿಗೆ ಮಂಡಿನೋವಿದೆ. ಕುಕ್ಕರಹಳ್ಳಿ ಕೆರೆಯನ್ನು ನಿಧಾನವಾಗಿ ಒಂದು ಸುತ್ತು ಬರುತ್ತಾರೆ, ಆದರೆ ಮೆಟ್ಟಿಲು ಮತ್ತು ಏರು ಕಷ್ಟ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ವಾಹನ ಹಿಡಿಯದೆ ಎರಡು ದಿನಗಳಲ್ಲಿ ಏನನ್ನು ನೋಡಬಹುದು, ಏನನ್ನು ಬಿಡಬಹುದು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸರಸ್ವತಿಪುರಂ, ಮೈಸೂರು

ಸರ್, ನಾನು ಆ ಊರಿನಲ್ಲಿ ನಾಲ್ಕು ವರ್ಷ ಇದ್ದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಹೋಗುವ ದಾರಿಯೇ ನೋಡಬೇಕಾದದ್ದು. ಸೋಮನಾಥಪುರದ ಗುಡಿಯ ಸುತ್ತಲಿನ ಕೈಸಾಲೆಯನ್ನು ನೆನಪಿಸಿಕೊಳ್ಳಿ. ಅಂಥ ಕಂಬಸಾಲು ಊರಿನ ಬೀದಿಬೀದಿಗಳ ಪಕ್ಕದಲ್ಲಿ, ಮನೆಗಳ ಮೇಲಂತಸ್ತನ್ನು ಹೊತ್ತುಕೊಂಡು, ಹಳೆಯ ನಗರದೊಳಗೇ ಸುಮಾರು 38 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅದನ್ನು ಪೋರ್ಟಿಕೊ ಎನ್ನುತ್ತಾರೆ. 2021ರಲ್ಲಿ ಯುನೆಸ್ಕೊ ಈ ಪೋರ್ಟಿಕೊಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇವು ಹುಟ್ಟಿದ ಬಗೆ ತಿಳಿದಿದ್ದರೆ ನಡಿಗೆಯ ರುಚಿಯೇ ಬೇರೆ. 1088ರಷ್ಟು ಹಳೆಯದೆಂದು ಎಣಿಸಲಾಗುವ ಆ ವಿಶ್ವವಿದ್ಯಾನಿಲಯಕ್ಕೆ ದೂರದೂರದಿಂದ ವಿದ್ಯಾರ್ಥಿಗಳು ಬಂದು ನೆಲೆಸತೊಡಗಿದಾಗ ಮನೆಗಳಿಗೆ ಜಾಗ ಸಾಲದೆ, ಜನ ಮೇಲಂತಸ್ತಿನ ಕೋಣೆಗಳನ್ನು ಬೀದಿಯ ಕಡೆಗೆ ಚಾಚಿ, ಕೆಳಗೆ ಮರದ ಕಂಬಗಳ ಆಸರೆ ಕೊಟ್ಟರು. ಬೇರೆ ಊರುಗಳಲ್ಲಿ ಒತ್ತುವರಿಯೆಂದು ಕೆಡವಿಸುತ್ತಿದ್ದ ಇಂಥದ್ದನ್ನು ಬೊಲೊನ್ಯಾದ ಆಡಳಿತ 1288ರಲ್ಲಿ ಕಡ್ಡಾಯ ಮಾಡಿತು. ಕುದುರೆಯ ಮೇಲೆ ಕುಳಿತವನು ತಲೆ ತಗಲದಂತೆ ಹೋಗುವಷ್ಟು ಎತ್ತರವಿರಬೇಕೆಂಬ ನಿಯಮವೂ ಇತ್ತು. ಜಾಗ ಮನೆಯ ಯಜಮಾನನದು, ನಡೆಯುವ ಹಕ್ಕು ಎಲ್ಲರದು. ನಮ್ಮ ಹಳೆಯ ಮನೆಗಳ ಜಗಲಿಯಲ್ಲಿ ದಾರಿಹೋಕರು ಕೂತು ದಣಿವಾರಿಸಿಕೊಳ್ಳುತ್ತಿದ್ದುದು ನನಗೆ ಅಲ್ಲಿ ದಿನವೂ ನೆನಪಾಗುತ್ತಿತ್ತು. ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿಯಲ್ಲಿ ಆ ಕಾಲದ ಓಕ್ ಮರದ ಕಂಬಗಳು ಇಂದಿಗೂ ನಿಂತಿವೆ. ಅವುಗಳ ಕೆಳಗೆ ಐದು ನಿಮಿಷ ಸುಮ್ಮನೆ ನಿಲ್ಲಿ.

ಶನಿವಾರ ರೈಲು ನಿಲ್ದಾಣದಿಂದ ಇಂಡಿಪೆಂದೆಂತ್ಸಾ ಬೀದಿಯಲ್ಲಿ ನೇರವಾಗಿ ನಡೆದರೆ ಮಜ್ಜೋರೆ ಚೌಕ ಸಿಗುತ್ತದೆ. ವಾರಾಂತ್ಯದಲ್ಲಿ ಆ ಬೀದಿಯನ್ನು ವಾಹನಗಳಿಗೆ ಮುಚ್ಚುವುದರಿಂದ ಅಮ್ಮನವರಿಗೆ ಆತಂಕವಿಲ್ಲದ ನಡಿಗೆಯಾಗುತ್ತದೆ. ಚೌಕದಲ್ಲಿರುವ ಸಾನ್ ಪೆತ್ರೋನಿಯೊ ಚರ್ಚನ್ನು 1390ರಲ್ಲಿ ಕಟ್ಟಲಾರಂಭಿಸಿದರು. ಮುಂಭಾಗದ ಕೆಳಗಿನರ್ಧಕ್ಕೆ ಮಾತ್ರ ಅಮೃತಶಿಲೆ ಹೊದಿಸಿದ್ದಾರೆ, ಮೇಲೆ ಬರಿಯ ಇಟ್ಟಿಗೆ. ಭೌತಶಾಸ್ತ್ರದವರಾದ ನೀವು ನೋಡಲೇಬೇಕಾದದ್ದು ಅದರ ನೆಲದಲ್ಲಿದೆ. ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ಅಲ್ಲಿ ಸುಮಾರು 67 ಮೀಟರ್ ಉದ್ದದ ಮಧ್ಯಾಹ್ನ ರೇಖೆಯೊಂದನ್ನು ಹಾಕಿಸಿದನು. ಚಾವಣಿಯ ಚಿಕ್ಕ ರಂಧ್ರದಿಂದ ಇಳಿಯುವ ಸೂರ್ಯನ ಬಿಂಬ, ಸೂರ್ಯ ನೆತ್ತಿಗೆ ಬಂದ ಗಳಿಗೆಯಲ್ಲಿ ಆ ರೇಖೆಯನ್ನು ದಾಟುತ್ತದೆ. ಅಕ್ಟೋಬರ್ ನಡುವಿನಲ್ಲಿ ಅದು ಅಲ್ಲಿನ ಗಡಿಯಾರದ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿಗೆ ಬರುತ್ತದೆ. ಚರ್ಚನ್ನು ನಡುವೆ ಮುಚ್ಚುವುದುಂಟಾದ್ದರಿಂದ ಆ ದಿನದ ವೇಳೆಯನ್ನು ಬೆಳಿಗ್ಗೆಯೇ ಬಾಗಿಲಲ್ಲಿ ವಿಚಾರಿಸಿಕೊಳ್ಳಿ.

ಚರ್ಚಿನ ಹಿಂಬದಿಯ ಚೌಕದಲ್ಲಿ ನಿಮ್ಮ ಗ್ಯಾಲ್ವನಿ, ಕೈಯಲ್ಲಿ ಹಿಡಿದ ಫಲಕದ ಮೇಲಿನ ಕಪ್ಪೆಯನ್ನೇ ನೋಡುತ್ತಾ ನಿಂತಿದ್ದಾನೆ. ಎದುರಿಗಿರುವ ಆರ್ಕಿಜಿನ್ನಾಜಿಯೊ, ವಿಶ್ವವಿದ್ಯಾನಿಲಯದ 1563ರ ಕಟ್ಟಡ. ಅದರೊಳಗೆ ಶವಚ್ಛೇದನ ಕಲಿಸುತ್ತಿದ್ದ, ಪೂರ್ತಿ ಮರದಿಂದ ಮಾಡಿದ ಸಭಾಂಗಣವಿದೆ. 1944ರ ಬಾಂಬ್ ದಾಳಿಯಲ್ಲಿ ಅದು ನುಚ್ಚುನೂರಾಗಿತ್ತು. ಅವಶೇಷಗಳಲ್ಲಿ ಸಿಕ್ಕ ಮೂಲ ಮರದ ಕೆತ್ತನೆಗಳನ್ನೇ ಬಳಸಿ ಮತ್ತೆ ಕಟ್ಟಿದ್ದಾರೆ. ಇದನ್ನು ಭಾನುವಾರಕ್ಕೆ ಉಳಿಸಿಕೊಳ್ಳದೆ ಶನಿವಾರವೇ ನೋಡಿ. ಊರಿನ ನಡುವೆ ಅಕ್ಕಪಕ್ಕದಲ್ಲಿ ನಿಂತಿರುವ ಎರಡು ಹಳೆಯ ಗೋಪುರಗಳನ್ನು ಹತ್ತುವ ಯೋಚನೆ ಬೇಡ. ವಾಲಿರುವ ಗಾರಿಸೆಂಡಾ ಗೋಪುರವನ್ನು ಭದ್ರಪಡಿಸುವ ಸಲುವಾಗಿ 2023ರ ಅಕ್ಟೋಬರ್‌ನಲ್ಲಿ ಆ ಜಾಗಕ್ಕೆ ಬೇಲಿ ಹಾಕಿ, 97 ಮೀಟರ್ ಎತ್ತರದ ಅಸಿನೆಲ್ಲಿಯನ್ನೂ ಮುಚ್ಚಿದರು.

ಉತ್ತರ: ಮಂಡ್ಯ

ಊಟದ ವಿಚಾರವಾಗಿ ಎಚ್ಚರಿಕೆ ಅಗತ್ಯ. ಬೊಲೊನ್ಯಾದವರು ಹೆಮ್ಮೆಪಡುವ ತಾಜಾ ಪಾಸ್ತಾದ ಹಿಟ್ಟನ್ನು ಮೊಟ್ಟೆಯಲ್ಲೇ ಕಲಸುತ್ತಾರೆ. ಪಾಲಕ್ ಮತ್ತು ರಿಕೊಟ್ಟಾ ಎಂಬ ಮೆದು ಚೀಸ್ ತುಂಬಿದ್ದು ಎಂದರೂ ಮೇಲಿನ ಹಾಳೆಯಲ್ಲಿ ಮೊಟ್ಟೆಯಿರುತ್ತದೆ. ಕ್ರೆಶೆಂತೀನೆ ಎಂಬ, ನಮ್ಮ ಪೂರಿಯಂತೆ ಉಬ್ಬುವ ತಿಂಡಿಯನ್ನು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಬಳಸುವುದು ಕರುವಿನ ಜಠರದ ಕಿಣ್ವ. ನೀವು ಒಣ ಪಾಸ್ತಾವನ್ನು ಟೊಮೆಟೊ ಸಾರಿನೊಂದಿಗೆ, ಚೀಸ್ ಉದುರಿಸದೆ ಕೊಡುವಂತೆ ಕೇಳಿ. ಪಿಜ್ಜಾ ಬೇಕೆಂದರೆ ಮರಿನಾರಾ ಹೇಳಿ. ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆಯ ಹೊರತು ಅದರಲ್ಲಿ ಬೇರೇನೂ ಇರುವುದಿಲ್ಲ. ‘ಸೆಂತ್ಸಾ ಊವೊವಾ’ ಎಂದರೆ ಮೊಟ್ಟೆಯಿಲ್ಲದೆ ಎಂದರ್ಥ. ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅನುಕೂಲ.

ಉತ್ತರ: ಚಾಮುಂಡಿಪುರಂ, ಮೈಸೂರು

ಭಾನುವಾರವನ್ನು ಸಂಪೂರ್ಣವಾಗಿ ಸಾನ್ ಲೂಕಾ ಬೆಟ್ಟಕ್ಕೆ ಕೊಡಿ ಎಂಬುದು ನನ್ನ ವಿನಂತಿ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಮನೆಯಲ್ಲಿ ಬೆಳೆದ ನನಗೆ ಆ ದಾರಿ ಪರಿಚಿತವೆನಿಸಿತು. ಊರಿನ ಸರಗೋಸಾ ಬಾಗಿಲಿನಿಂದ ಬೆಟ್ಟದ ಮೇಲಿನ ಮಾತೆ ಮೇರಿಯ ಗುಡಿಯವರೆಗೆ ಸುಮಾರು 3.8 ಕಿಲೋಮೀಟರ್ ಒಂದೇ ಕಂಬಸಾಲು, 666 ಕಮಾನುಗಳು. 1433ರಲ್ಲಿ ಎಡೆಬಿಡದ ಮಳೆಯಿಂದ ಬೆಳೆ ಹಾಳಾಗುತ್ತಿದ್ದಾಗ ಜನ ಮೇರಿಯ ಚಿತ್ರಪಟವನ್ನು ಮೆರವಣಿಗೆಯಲ್ಲಿ ಊರಿಗೆ ತಂದರಂತೆ, ಮಳೆ ನಿಂತಿತಂತೆ. ಅಂದಿನಿಂದ ವರ್ಷಕ್ಕೊಮ್ಮೆ ಆಕೆ ಬೆಟ್ಟದಿಂದ ಇಳಿದು ಬಂದು ಒಂದು ವಾರ ಊರಿನಲ್ಲಿರುತ್ತಾಳೆ. ಆ ಮೆರವಣಿಗೆ ನೆನೆಯದಿರಲೆಂದೇ 1674ರಲ್ಲಿ ಈ ಮಾಡನ್ನು ಕಟ್ಟಲು ತೊಡಗಿದರು. ಅರಸೊತ್ತಿಗೆಯ ಹಣದಿಂದಲ್ಲ, ಮನೆತನಗಳೂ ಕಸುಬುದಾರರ ಸಂಘಗಳೂ ಕೊಟ್ಟ ಕಾಣಿಕೆಯಿಂದ. ಕೊಟ್ಟವರ ಗುರುತುಗಳನ್ನು ಕಮಾನುಗಳ ಮೇಲೆ ಈಗಲೂ ನೋಡಬಹುದು.

ಮೆಲೊಂಚೆಲ್ಲೊ ಕಮಾನಿನವರೆಗಿನ ಒಂದೂವರೆ ಕಿಲೋಮೀಟರ್ ಸಮತಟ್ಟಾಗಿದೆ. ಅಲ್ಲಿಂದಾಚೆ ಕಡಿದಾದ ಏರು, ನಡುನಡುವೆ ಮೆಟ್ಟಿಲು. ಮೇಲಕ್ಕೆ ವಾಹನದಲ್ಲಿ ಹೋಗಿ ಕೆಳಗೆ ನಡೆದು ಬನ್ನಿ ಎಂದು ಹಲವರು ಹೇಳಬಹುದು, ಆದರೆ ಮಂಡಿನೋವಿರುವವರನ್ನು ಏರಿಗಿಂತ ಇಳಿಜಾರೇ ಹೆಚ್ಚು ನೋಯಿಸುತ್ತದೆ. ನನ್ನ ತಾಯಿಯವರಿಗೆ ಚಾಮುಂಡಿ ಬೆಟ್ಟದಲ್ಲಿ ಹಾಗೆಯೇ ಆಯಿತು. ಮಜ್ಜೋರೆ ಚೌಕದಿಂದ ಗುಡಿಯವರೆಗೆ ರಬ್ಬರ್ ಗಾಲಿಯ ಪುಟ್ಟ ಪ್ರವಾಸಿ ರೈಲು ಓಡುತ್ತದೆ. ಅಮ್ಮನವರು ಮಗಳೊಂದಿಗೆ ಹೋಗುವಾಗಲೂ ಬರುವಾಗಲೂ ಅದರಲ್ಲೇ ಕೂರಲಿ, ನೀವು ನಡೆದು ಹತ್ತಿ ಮೇಲೆ ಅವರನ್ನು ಸೇರಿಕೊಳ್ಳಿ.

ಪ್ರಶ್ನೆ ಕೇಳಿದವರು: ಕುವೆಂಪುನಗರ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ. ನಿಮ್ಮ ಬರಹಗಳನ್ನು ಪತ್ನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬೆಟ್ಟಕ್ಕೆ ರೈಲಿನಲ್ಲಿ ಹೋಗಲು ಒಪ್ಪಿದರು, ಆದರೆ ಮೆಲೊಂಚೆಲ್ಲೊವರೆಗಿನ ಸಮತಟ್ಟು ದಾರಿಯನ್ನು ಶನಿವಾರ ಸಂಜೆಯೇ ನನ್ನೊಂದಿಗೆ ನಡೆಯುತ್ತಾರಂತೆ. ಮಿಲಾನ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣವೆಂದು ಮಗಳು ತಿಳಿಸಿದ್ದಾಳೆ. ಸೂರ್ಯಬಿಂಬ ರೇಖೆ ದಾಟುವ ಮೊದಲೇ ಚರ್ಚಿನೊಳಗಿರುವಂತೆ ಬೆಳಗಿನ ಗಾಡಿಯಲ್ಲಿ ಮೂರು ಸೀಟು ಕಾಯ್ದಿರಿಸಲು ಅವಳಿಗೆ ಬರೆದಿದ್ದೇನೆ.